ಯಾವ ಕಾಲು

ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ನನ್ನ ಆಫೀಸು.
ಹದಿನಾಲ್ಕು ಮೆಟ್ಟಿಲು. ಎಣಿಸುತ್ತ ಇಳಿದು ಬಂದರು
ಆರ್ವಿಡ್ ಸ್ಕೋಗನ್, ಎಂಬತ್ತೊಂಬತ್ತು ವರ್ಷ,
ಕೈಯಲ್ಲಿ ಟೋಪಿ, ಕಂಕುಳಲ್ಲಿ
ಬೀಟ್ ಬೀಜದ ಕಂಪನಿಯ ಹಳೇ ಲಕೋಟೆ.
ಲಿಫ್ಟ್ ಇದೆಯಲ್ಲ, ಎಂದೆ.
ಅದು ಕಾಲು ನೋಯುವವರಿಗೆ, ಎಂದರು.

ಲಕೋಟೆಯೊಳಗೆ ಒಂದು ಎಕ್ಸ್‌ರೇ,
ಲೂಯಿಸಿಯಾನಾದಿಂದ ಬಂದ ಒಂದು ಕಾಗದ,
ಮತ್ತೆ ಸರ್ಕಾರದ ಎರಡು ಸಾಲಿನ ವಿಷಾದ:
ಎಪ್ಪತ್ತಮೂರರಲ್ಲಿ ಸೇಂಟ್ ಲೂಯಿಸ್ ದಾಖಲೆಮನೆಗೆ ಬೆಂಕಿ ಬಿದ್ದಾಗ
ತಮ್ಮ ಕಡತವೂ ಬಹುಶಃ.
ಗಾಯ ಮಾಯಿತು. ಕಡತ ಮಾಯವಾಯಿತು.
ಉಳಿದದ್ದು ಈ ನಮೂನೆ, ಇದರ ಚೌಕಗಳು.
ದಾಖಲೆಯಲ್ಲಿ ತಪ್ಪೇನು, ಅನ್ಯಾಯವೇನು?
ಎರಡಕ್ಕೂ ಸೇರಿ ಬಿಟ್ಟ ಜಾಗ ಮೂರು ಬೆರಳಗಲ.

ಅವರು ಹೇಳಿದರು, ನಾನು ಟೈಪ್ ಮಾಡಿದೆ.
ಕೊರಿಯಾ. ಫೆಬ್ರವರಿ. ನವಣೆ ಕೊಯ್ದ ಹೊಲ,
ಹೆಪ್ಪುಗಟ್ಟಿ ಗಾಜಾದ ಕೂಳೆ.
ಮಾರ್ಟರ್ ಸಿಡಿದದ್ದು ಕೇಳಿಸಲೇ ಇಲ್ಲ,
ಬೆನ್ನ ಕೆಳಗೆ ಕೂಳೆ ಮುರಿದದ್ದು ಕೇಳಿಸಿತು.
ವೆಂಡೆಲ್ ಎಂಬ ಮೆಡಿಕ್ಕು
ಪೆನ್ಸಿಲ್ಲಿನ ಮೊನೆ ನಾಲಿಗೆಗೆ ಮುಟ್ಟಿಸಿ ಚೀಟಿ ಬರೆದ.
ಒಂದನ್ನು ನನ್ನ ಕೋಟಿನ ಗುಂಡಿಗೆ ಕಟ್ಟಿದ, ನಕಲು ತನ್ನ ಜೇಬಿಗೆ.
ಗುಂಡಿಯದು ರಕ್ತಕ್ಕೆ ನೆಂದು ಅಂಟಾಯಿತು.
ಜೇಬಿನದು...

ನಿಲ್ಲಿಸಿ, ಗೋಡೆಯ ಕ್ಯಾಲೆಂಡರ್ ನೋಡಿದರು.
ಅದು ಹೋದ ತಿಂಗಳದು. ನಾನು ಹಾಳೆ ಮಗುಚಿರಲಿಲ್ಲ.
ಬೆಳಿಗ್ಗೆ ಹುಡುಕಿದರೆ ಜೇಬೂ ಇಲ್ಲ, ವೆಂಡೆಲ್ಲೂ ಇಲ್ಲ.

ಮೂರು ವರ್ಷದ ಗಡುವು ಮೀರಿದ್ದೇಕೆ?
ಬೀಟು ಕೀಳುವುದಿತ್ತು.
ಅರವತ್ತೆಂಟು ವರ್ಷವೂ?
ಅದು ಪ್ರತಿ ವರ್ಷ ಬೆಳೆಯುತ್ತಲ್ಲ, ತಾಯಿ.

ಆಮೇಲೆ ಬಂತು ನಿಜವಾದ ಕಾರಣ.
ಫಾರ್ಗೋ ಆಸ್ಪತ್ರೆಯ ಹೊಸ ಡಾಕ್ಟರು, ಎಳೇ ಹುಡುಗಿ,
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ಹೊಲದಲ್ಲಾದ ಪೆಟ್ಟೇ, ಅಂದಳಂತೆ.
ಹೌದು, ಹೊಲದಲ್ಲೇ, ಅಂದರಂತೆ.
ಅರವತ್ತು ಮೈಲಿ ಟ್ರಕ್ಕು ಓಡಿಸಿಕೊಂಡು ಮನೆಗೆ ಬಂದು
ಇಳಿಯದೆ ಅಂಗಳದಲ್ಲೇ ಕೂತರಂತೆ ಕತ್ತಲಾಗುವ ತನಕ.
ಹೇಳಿದ್ದು ಸುಳ್ಳೋ ನಿಜವೋ, ಅದೇ ಬಗೆಹರಿಯಲಿಲ್ಲ.

ಸಾಕ್ಷಿ: ಅಲ್ಸೀಡ್ ಮೆಲಾನ್ಸಾನ್. ಅದೇ ತುಕಡಿ. ಈಗ ಕಣ್ಣು ಮಂಜು.
ಮೊಮ್ಮಗಳ ಕೈಲಿ ಬರೆಸಿದ ಕಾಗದ,
ಕೆಳಗೆ ತಾನೇ ಹಾಕಿದ ಸಹಿ
ಸ್ಲೇಟಿನ ಮೇಲೆ ಮೊದಲ ಅಕ್ಷರ ತಿದ್ದುವ ಮಗುವಿನದು.
"ಅವನ ಎಡಗಾಲು ನನ್ನ ತೊಡೆಯ ಮೇಲಿಟ್ಟುಕೊಂಡು
ರಾತ್ರಿಯಿಡೀ ಉಜ್ಜಿದೆ, ಚಳಿಗೆ ಬಲಿಯಾಗದಿರಲಿ ಅಂತ."

ಎಡ.
ಎಕ್ಸ್‌ರೇಯ ಮೂಲೆಯಲ್ಲಿ ಬೆಳ್ಳಗೆ, ಸ್ಪಷ್ಟವಾಗಿ: ಬಲ.

ಮಂಡಳಿಯವರು ಇದನ್ನೇ ಹಿಡಿಯುತ್ತಾರೆ, ಎಂದೆ.
ಒಂದು ಫೋನು ಮಾಡಿ, ಇನ್ನೊಂದು ಬರೆಸಿ ಕಳಿಸುತ್ತಾರೆ.
ಒಂದೇ ಪದ ತಿದ್ದುವುದು.
ಪದ ಸರಿಯಿಲ್ಲದೆ ಪದಕ ಬರುವುದಿಲ್ಲ.

ಟೋಪಿಯ ಅಂಚನ್ನು ಸುತ್ತ ಒಂದು ಸಲ ತಿರುಗಿಸಿದರು.
ಅವನು ನನ್ನ ಎದುರಿಗೆ ಕೂತಿದ್ದ.
ಅವನ ಕಡೆಯಿಂದ ಅದು ಎಡವೇ.
ಆ ರಾತ್ರಿ ಆ ಕಾಲು ನನಗಿಂತ ಅವನದೇ ಹೆಚ್ಚು.
ಕಂಡದ್ದು ಬರೆದಿದ್ದಾನೆ. ಇರಲಿ ಬಿಡಿ.

ಇದ್ದ ಹಾಗೇ ಪಿನ್ನು ಹೊಡೆದೆ.
ಸಹಿ ಮಾಡಿ ಎದ್ದವರು ಮತ್ತೆ ಬಗ್ಗಿ
ಎಕ್ಸ್‌ರೇ ವರದಿಯ ಮೇಲೆ ಬೆರಳಿಟ್ಟರು:
'ಬಲ ಮೊಣಕಾಲ ಕೆಳಗೆ, ಪರಕೀಯ ವಸ್ತು, ಲೋಹ,
ಸಾಸಿವೆ ಕಾಳಿನಷ್ಟು.'
ಬೆರಳು ಇದ್ದದ್ದು ಪರಕೀಯ ಎಂಬಲ್ಲಿ.
ಇದೊಂದನ್ನು ತಿದ್ದಲು ಬರುತ್ತದೆಯೇ?
ಅದು ನನ್ನ ಕೈಲಿಲ್ಲ, ಎಂದೆ.

ಹದಿನಾಲ್ಕು ಮೆಟ್ಟಿಲು ಹತ್ತಿ ಹೋದರು.
ಯಾವ ಕಾಲು ಮೊದಲೆಂದು ಕಿವಿಗೊಟ್ಟು ಕೂತೆ.
ತಿಳಿಯಲಿಲ್ಲ.